ಕಣ್ಣುಳ್ಳ ಪಾತಾಳಗರಡಿ

ಮಾಳಿಂಗರಾಯ ದೇವರ ಊರಾದ ಹುಲಜಂತಿಯಿಂದ ಸಮುದ್ರ ಬಲು ದೂರ. ಆದರೆ ನೀರಿನ ತಳಕ್ಕೆ ಬಿದ್ದದ್ದನ್ನು ಮೇಲೆತ್ತುವ ಪೇಚಾಟ ಆ ಸೀಮೆಯವರಿಗೆ ಹೊಸದೇನಲ್ಲ. ಹಗ್ಗ ಹರಿದು ಕೊಡ ಬಾವಿಗೆ ಬಿದ್ದರೆ, ಪಾತಾಳಗರಡಿ ಯಾರ ಮನೆಯಲ್ಲಿದೆಯೆಂದು ಓಣಿಯಲ್ಲೆಲ್ಲ ಹುಡುಕಾಟ ನಡೆಯುತ್ತಿತ್ತು. ಕೊಕ್ಕೆಗಳ ಆ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಕಾಣದ ತಳದಲ್ಲಿ ಕೈಯಂದಾಜಿನಲ್ಲೇ ತಡಕಾಡುತ್ತಿದ್ದರು. ಸಿಕ್ಕಿದ ಕೊಡ ಅರ್ಧ ದಾರಿಗೆ ಬಂದು ಜಾರಿದರೆ ಮತ್ತೆ ಮೊದಲಿನಿಂದ. 1966ರಲ್ಲಿ ಅಮೆರಿಕದ ನೌಕಾಪಡೆ ಇಂಥದ್ದೇ ಪೇಚಿಗೆ ಸಿಕ್ಕಿತು. ಅಲ್ಲಿ ಬಾವಿಯೆಂದರೆ ಮೆಡಿಟರೇನಿಯನ್ ಸಮುದ್ರ, ಬಿದ್ದ ಕೊಡವೆಂದರೆ ಹೈಡ್ರೋಜನ್ ಬಾಂಬು.

ಆ ವರ್ಷದ ಜನವರಿ 17ರ ಬೆಳಿಗ್ಗೆ ಸ್ಪೇನಿನ ಪಾಲೊಮಾರೆಸ್ ಹಳ್ಳಿಯ ಮೇಲೆ ಬಿ-52 ಬಾಂಬರ್ ವಿಮಾನವೊಂದು ಹಾರುತ್ತಲೇ ಇಂಧನ ತುಂಬಿಸಿಕೊಳ್ಳಲು ಹೋಗಿ ಇಂಧನದ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಏಳು ಮಂದಿ ಸತ್ತರು. ಬಾಂಬರಿನ ಹೊಟ್ಟೆಯಲ್ಲಿ ನಾಲ್ಕು ಹೈಡ್ರೋಜನ್ ಬಾಂಬುಗಳಿದ್ದವು. ಮೂರು ನೆಲಕ್ಕೆ ಬಿದ್ದವು. ಅವುಗಳಲ್ಲಿ ಎರಡರ ಸಾಮಾನ್ಯ ಸ್ಫೋಟಕ ಸಿಡಿದು ಹೊಲಗಳ ಮೇಲೆ ಪ್ಲುಟೋನಿಯಂ ಚೆಲ್ಲಿತು. ಪುಣ್ಯಕ್ಕೆ ಪರಮಾಣು ಸ್ಫೋಟವಾಗಲಿಲ್ಲ. ನಾಲ್ಕನೆಯದರ ಸುಳಿವೇ ಇರಲಿಲ್ಲ.

ಸುಳಿವು ಇದ್ದದ್ದು ಒಬ್ಬ ಮೀನುಗಾರನ ಬಳಿ. ಫ್ರಾನ್ಸಿಸ್ಕೊ ಸಿಮೊ ಒರ್ಟ್ಸ್ ಅಂದು ದೋಣಿಯಲ್ಲಿದ್ದ. ದೊಡ್ಡ ಪ್ಯಾರಾಚೂಟಿಗೆ ತೂಗುಬಿದ್ದ ಏನೋ ಒಂದು ತನ್ನ ದೋಣಿಯ ಹತ್ತಿರವೇ ನೀರಿಗಿಳಿದು ಮುಳುಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಬಲೆ ಬೀಸಿದ ಜಾಗವನ್ನು ದಡದ ಗುರುತುಗಳಿಂದಲೇ ನೆನಪಿಟ್ಟುಕೊಳ್ಳುವ ಕಸುಬು ಅವನದು. ಬಿದ್ದದ್ದು ಇಲ್ಲೇ ಎಂದು ಬೆರಳಿಟ್ಟು ತೋರಿಸಿದ. ಲೆಕ್ಕಾಚಾರದ ಕಾಗದ ಹಿಡಿದು ಕೂತವರು ಮೊದಮೊದಲು ಅವನ ಮಾತಿಗೆ ಹೆಚ್ಚು ಬೆಲೆ ಕೊಡಲಿಲ್ಲ. ವಾರಗಳು ಉರುಳಿದವು. ಕೊನೆಗೆ ಎಲ್ಲ ಲೆಕ್ಕಗಳೂ ಅವನು ತೋರಿಸಿದ ಕಡೆಗೇ ಬಂದು ನಿಂತವು.

ಮನುಷ್ಯರು ಒಳಗೆ ಕೂತು ಇಳಿಯುವ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ನೌಕೆ ಹುಡುಕಾಟಕ್ಕೆ ಬಂತು. ಮಾರ್ಚ್ 1ರಂದು ತಳದ ಕೆಸರಿನಲ್ಲಿ ಏನೋ ಎಳೆದುಕೊಂಡು ಹೋದ ಜಾಡು ಕಂಡಿತು, ಮರುಗಳಿಗೆಯಲ್ಲಿ ಕೈತಪ್ಪಿತು. ಎರಡು ವಾರ ಅದೇ ಕತ್ತಲೆಯಲ್ಲಿ ಅಲೆದ ಮೇಲೆ, ಮಾರ್ಚ್ 15ರಂದು ಜಾಡು ಮತ್ತೆ ಸಿಕ್ಕಿತು. ಅದರ ಕೊನೆಯಲ್ಲಿ, ಸುಮಾರು 777 ಮೀಟರ್ ಆಳದ ಇಳಿಜಾರಿನ ಮೇಲೆ, ಪ್ಯಾರಾಚೂಟ್ ಹೊದ್ದು ಬಾಂಬು ಮಲಗಿತ್ತು.

ಹಗ್ಗ ಸಿಕ್ಕಿಸಿ ಎಳೆದರು. ಹಗ್ಗ ಹರಿಯಿತು. ಬಾಂಬು ಇಳಿಜಾರಿನಲ್ಲಿ ಜಾರಿ ಕಣ್ಮರೆಯಾಯಿತು. ಮತ್ತೆ ಹುಡುಕಾಟ, ಮತ್ತೆ ನಿದ್ದೆಗೆಟ್ಟ ರಾತ್ರಿಗಳು. ಏಪ್ರಿಲ್ 2ರಂದು ಸಿಕ್ಕಾಗ ಅದು ಇನ್ನೂ ಆಳಕ್ಕಿಳಿದಿತ್ತು: ಸುಮಾರು 870 ಮೀಟರ್. ಪಕ್ಕದಲ್ಲಿ ಪ್ಯಾರಾಚೂಟಿನ ಬಟ್ಟೆ ನೀರಿನ ಸೆಳೆತಕ್ಕೆ ಅತ್ತಿತ್ತ ತೇಲಾಡುತ್ತಿತ್ತು. ಆಲ್ವಿನ್ ಅದರಲ್ಲಿ ಸಿಕ್ಕಿಬಿದ್ದರೆ ಒಳಗಿದ್ದವರ ಗತಿ ನೆಟ್ಟಗಿರಲಿಲ್ಲ.

ಆಗ ನೆರವಿಗೆ ಬಂದದ್ದು ಕರ್ವ್. ಕ್ಯಾಲಿಫೋರ್ನಿಯಾದ ನೌಕಾ ಪರೀಕ್ಷಾ ಕೇಂದ್ರದವರು, ಪರೀಕ್ಷೆಗೆಂದು ಹಾರಿಸಿ ಮುಳುಗಿದ ಟಾರ್ಪಿಡೊಗಳನ್ನು ಎತ್ತಿ ತರಲು ಕಟ್ಟಿಕೊಂಡಿದ್ದ ಯಂತ್ರವದು. ನೋಡಲು ಅಂದವಿಲ್ಲ. ಲೋಹದ ಚೌಕಟ್ಟು, ತೇಲಿಸುವ ಉರುಳೆಗಳು, ತಿರುಗುವ ಪಂಖಗಳು, ಒಂದು ಟಿವಿ ಕ್ಯಾಮೆರಾ, ದೀಪ, ಮುಂದೊಂದು ಪಂಜ. ಒಳಗೆ ಮನುಷ್ಯನಿರಲಿಲ್ಲ. ಉದ್ದನೆಯ ಕೇಬಲ್ ಅದರ ಹೊಕ್ಕುಳಬಳ್ಳಿ. ವಿದ್ಯುತ್ತು, ಆಜ್ಞೆ ಅದರಲ್ಲಿ ಕೆಳಗಿಳಿಯುತ್ತಿದ್ದವು, ಚಿತ್ರ ಮೇಲೇರುತ್ತಿತ್ತು. ಅಷ್ಟು ಆಳಕ್ಕೆ ಅದನ್ನು ಮಾಡಿರಲಿಲ್ಲ. ತರಾತುರಿಯಲ್ಲಿ ಕೇಬಲ್ ಉದ್ದ ಮಾಡಿ ಸ್ಪೇನಿಗೆ ಸಾಗಿಸಿದ್ದರು.

ಕರ್ವ್ ಇಳಿಯಿತು. ಒಂದು ಹಗ್ಗ ಸಿಕ್ಕಿಸಿತು, ಎರಡನೆಯದನ್ನೂ ಸಿಕ್ಕಿಸಿತು. ಮೂರನೆಯದಕ್ಕೆ ಹೋದಾಗ ಎಲ್ಲರೂ ಹೆದರಿದ್ದು ನಡೆದೇಹೋಯಿತು. ಪ್ಯಾರಾಚೂಟ್ ಯಂತ್ರವನ್ನು ಸುತ್ತಿಕೊಂಡಿತು. ಹಡಗಿನ ಮೇಲಿದ್ದವರ ಉಸಿರು ನಿಂತಿತು. ಬಿಡಿಸಲು ಹೋದರೆ ಬಾಂಬು ಮತ್ತೆ ಜಾರೀತು, ಬಿಟ್ಟರೆ ಯಂತ್ರವೂ ಹೋದೀತು. ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ರಿಯರ್ ಅಡ್ಮಿರಲ್ ವಿಲಿಯಂ ಗೆಸ್ಟ್, ಎರಡನ್ನೂ ಒಟ್ಟಿಗೇ ಎಳೆಯಿರಿ ಎಂದುಬಿಟ್ಟರು. ಏಪ್ರಿಲ್ 7ರಂದು, ಬಿದ್ದ ಎಂಬತ್ತು ದಿನಗಳ ಬಳಿಕ, ಬಾಂಬು ಮೇಲೆ ಬಂತು. ಅದೇ ಗಂಟಿನಲ್ಲಿ ಕರ್ವ್ ಕೂಡ ಬಂತು. ದೊಡ್ಡ ಅಡಚಣೆಯೆಂದು ಬಗೆದ ಸಿಕ್ಕೇ ಕೊನೆಗೆ ಹಿಡಿತವಾಗಿತ್ತು. ಮೀನುಗಾರ ಫ್ರಾನ್ಸಿಸ್ಕೊ ಸಿಮೊನನ್ನು ಊರವರು ಮುಂದೆ ‘ಬಾಂಬಿನ ಪಾಕೊ’ ಎಂದೇ ಕರೆದರು.

ಎತ್ತುವುದಕ್ಕೆಂದು ಹುಟ್ಟಿದ ಯಂತ್ರ ನೋಡುವುದಕ್ಕೂ ಒದಗುತ್ತದೆಂದು ಕಡಲ ವಿಜ್ಞಾನಿಗಳಿಗೆ ಹೊಳೆಯಿತು. ಅಲ್ಲಿಯವರೆಗೆ ಆಳದ ಜೀವಿಗಳನ್ನು ಅರಿಯಲು ಅವರಿಗಿದ್ದ ಮುಖ್ಯ ದಾರಿ ಬಲೆ. ಗಾಜಿನಂಥ ಲೋಳೆಮೀನುಗಳು ಬಲೆಯಲ್ಲಿ ಮೇಲೆ ಬರುವಷ್ಟರಲ್ಲಿ ಚಿಂದಿಯಾಗಿ ಬರಿಯ ಲೋಳೆಯಾಗುತ್ತಿದ್ದವು. 1987ರಲ್ಲಿ ಡೇವಿಡ್ ಪ್ಯಾಕರ್ಡ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ದಡದಲ್ಲಿ ಕಡಲ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು. ಮರುವರ್ಷ ಅಲ್ಲಿಂದ ‘ವೆಂಟಾನಾ’ ಎಂಬ ಆರ್‌ಓವಿ, ಅಂದರೆ ಕರ್ವ್‌ನಂತೆ ಮೇಲಿನಿಂದಲೇ ಕೇಬಲ್ಲಿನ ಮೂಲಕ ನಡೆಸುವ ಯಂತ್ರ, ನೀರಿಗಿಳಿಯಿತು. ಬಲೆಯಲ್ಲಿ ಬರಿಯ ಲೋಳೆಯಾಗಿ ಕಂಡದ್ದು ಪರದೆಯ ಮೇಲೆ ಮೈತುಂಬ ಮಿನುಗುತ್ತ ಈಜಿತು.

2002ರ ಫೆಬ್ರುವರಿಯಲ್ಲಿ ಅದೇ ಸಂಸ್ಥೆಯ ಇನ್ನೊಂದು ಆರ್‌ಓವಿ ‘ಟಿಬುರಾನ್’ ಮಾಂಟೆರೆ ಕಡಲಕಣಿವೆಯಲ್ಲಿ 2,891 ಮೀಟರ್ ಆಳದಲ್ಲಿತ್ತು. ರಾಬರ್ಟ್ ವ್ರಿಯೆನ್‌ಹುಕ್ ಅವರ ತಂಡ ಚಿಪ್ಪುಜೀವಿಗಳನ್ನು ಹುಡುಕುತ್ತಿತ್ತು. ದೀಪದ ಬೆಳಕಿಗೆ ಸಿಕ್ಕಿದ್ದು ಸತ್ತ ತಿಮಿಂಗಿಲದ ಅಸ್ಥಿಪಂಜರ. ಅದರ ಮೂಳೆಗಳ ಮೇಲೆ ಕೆಂಪು ಗರಿಗಳ ಹುಲ್ಲು ಬೆಳೆದಂತಿತ್ತು. ಹತ್ತಿರ ಹೋದರೆ, ಹುಳುಗಳು! ಮೇಲೆ ತಂದ ಒಂದಿಷ್ಟನ್ನು ಸೀಳಿ ನೋಡಿದವರು ಬೆಪ್ಪಾದರು. ಬಾಯಿಲ್ಲ, ಕರುಳಿಲ್ಲ. ಸಾಲದ್ದಕ್ಕೆ, ನೋಡಿದ್ದೆಲ್ಲ ಹೆಣ್ಣೇ. ಉಣ್ಣುವುದು ಹೇಗೆ, ಗಂಡುಗಳೆಲ್ಲಿ?

ಸೂಕ್ಷ್ಮದರ್ಶಕ ಎರಡಕ್ಕೂ ಉತ್ತರ ಕೊಟ್ಟಿತು. ಹುಳು ಗಿಡದಂತೆ ಮೂಳೆಯೊಳಗೆ ಬೇರಿಳಿಸಿತ್ತು. ಬೇರಿನಲ್ಲಿ ವಾಸವಿದ್ದ ಬ್ಯಾಕ್ಟೀರಿಯಾ ಅದರ ಅನ್ನದಾತ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಗಂಡುಗಳು, ಹತ್ತಾರು ಒಟ್ಟಿಗೆ, ಹೆಣ್ಣಿನ ಮೈಯ ಕೊಳವೆಯೊಳಗೇ ಬಿಡಾರ ಹೂಡಿದ್ದವು. ಮೂಳೆ ತಿನ್ನುವುದು ಎಂಬರ್ಥದ ‘ಒಸೆಡಾಕ್ಸ್’ ಎಂಬ ಹೆಸರಿನಲ್ಲಿ ಈ ಕುಲವನ್ನು 2004ರಲ್ಲಿ ‘ಸೈನ್ಸ್’ ಪತ್ರಿಕೆ ಜಗತ್ತಿಗೆ ಪರಿಚಯಿಸಿತು.

ಭಾರತವೂ ಈ ಹಗ್ಗ ಹಿಡಿಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರಷ್ಯಾದವರ ಜೊತೆಗೂಡಿ ಕಟ್ಟಿದ ಆರ್‌ಓವಿ ‘ರೋಸಬ್ 6000’, 2010ರಲ್ಲಿ ಹಿಂದೂ ಮಹಾಸಾಗರದಲ್ಲಿ 5,289 ಮೀಟರ್ ಆಳಕ್ಕಿಳಿದು ಬಂತು. ಅದೇ ಸಂಸ್ಥೆಯ ಚಿಕ್ಕ ಯಂತ್ರ ‘ಪ್ರೋವ್’ ಅಂಟಾರ್ಕ್ಟಿಕಾದ ನೀರನ್ನೂ ನೋಡಿತು, ಅಂಡಮಾನಿನ ಹವಳದ ದಿಬ್ಬಗಳನ್ನೂ ಸುತ್ತಿತು. ಅಂಡಮಾನಿನಿಂದ ಅದು ಮೇಲೆ ತಂದದ್ದು ಚಿತ್ರಗಳನ್ನು, ಅಳತೆಗಳನ್ನು. ಹವಳ ಇದ್ದಲ್ಲೇ ಇತ್ತು.