ಅಣ್ಣ ಒಳಗ ಹೋದನೇನ್ರಿ?

ಧಾರವಾಡದ ನಮ್ಮ ಸಭೆಯಲ್ಲಿ ಆರಾಧನೆ ಮುಗಿದು ದೊಡ್ಡವರು ಚಹಾಕ್ಕೆ ನಿಂತ ಹೊತ್ತಿಗೆ ಸಂಡೇ ಸ್ಕೂಲು ಶುರುವಾಗುತ್ತದೆ. ಹದಿಮೂರು ಮಕ್ಕಳು, ಎರಡು ಚಾಪೆ, ಅಂಚು ಹರಿದ ಒಂದು ಚಿತ್ರಪುಸ್ತಕ. ಆವತ್ತಿನ ಪಾಠ ತಪ್ಪಿಹೋದ ಮಗನ ಕಥೆ. ಪಾಲು ತೆಗೆದುಕೊಂಡು ಹೋಗಿ, ಎಲ್ಲ ಹಾಳು ಮಾಡಿ, ಹಂದಿ ಕಾಯ್ದು ಮನೆಗೆ ಮರಳಿದ ತಮ್ಮ. ದೂರದಿಂದಲೇ ಕಂಡು ಓಡಿಬಂದ ಅಪ್ಪ. ಹೊಲದಿಂದ ಬಂದವನು ಸಿಟ್ಟಿಗೆದ್ದು ಹೊರಗೇ ನಿಂತ ಅಣ್ಣ. ಪುಸ್ತಕ ಮುಚ್ಚಿ, ವಾಡಿಕೆಯಂತೆ ‘ಇದರಿಂದ ನಾವು ಕಲಿತದ್ದೇನು’ ಎಂದು ಬಾಯಿ ತೆರೆಯುವಷ್ಟರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಕೇಳಿದಳು, “ಮತ್ತ, ಅಣ್ಣ ಒಳಗ ಹೋದನೇನ್ರಿ ಟೀಚರ್?”

ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆಗೆದು ನೋಡಿ, ಅಲ್ಲಿ ಉತ್ತರವಿಲ್ಲ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ವರ್ಷಗಟ್ಟಲೆ ಈ ಕಥೆ ಹೇಳಿಕೊಂಡು ಬಂದ ನನಗೆ ಅದು ಆವತ್ತೇ ಕಣ್ಣಿಗೆ ಬಿದ್ದದ್ದು. ಚಾಪೆಯ ಮೇಲೆ ವಾದ ಹತ್ತಿಕೊಂಡಿತು. “ಹೋಗಿರಂಗಿಲ್ರಿ, ಅವಂಗ ಒಂದು ಆಡಿನ ಮರಿನೂ ಕೊಟ್ಟಿರಲಿಲ್ಲಲ್ಲ” ಎಂದ ಒಬ್ಬ. “ಹೊಟ್ಟಿ ಹಸದ ಮ್ಯಾಲ ಹೋಗಿರ್ತಾನ” ಎಂದ ಇನ್ನೊಬ್ಬ. ಮನೆಯಲ್ಲಿ ತಂಗಿ ಹುಟ್ಟಿ ಮೂರು ತಿಂಗಳಾಗಿದ್ದ ಹುಡುಗ ಮಾತ್ರ ಏನೂ ಅನ್ನದೆ ಚಿತ್ರದಲ್ಲಿ ಹೊರಗೆ ನಿಂತವನನ್ನೇ ನೋಡುತ್ತಿದ್ದ.

ಯೇಸು ಕಥೆ ಹೇಳಿದ ರೀತಿಯೇ ಅದು. ಸಮಾರ್ಯದವನ ಸಾಮ್ಯ ಹೇಳಿ, ಈ ಮೂವರಲ್ಲಿ ನೆರೆಯವನಾದವನು ಯಾರು ಎಂದು ಕೇಳಿದವನನ್ನೇ ಮರಳಿ ಕೇಳುತ್ತಾನೆ. ಹಳೆಯ ಒಡಂಬಡಿಕೆಯ ಯೋನನ ಪುಸ್ತಕವಂತೂ ದೇವರ ಪ್ರಶ್ನೆಯಲ್ಲೇ ಮುಗಿಯುತ್ತದೆ. ನಾವು ಟೀಚರುಗಳು ಮಾತ್ರ ಕಥೆಯನ್ನು ಗಾಣಕ್ಕೆ ಕೊಟ್ಟು, ನೀತಿಯ ಲೋಟ ಮಕ್ಕಳ ಕೈಗಿಟ್ಟು, ಸಿಪ್ಪೆ ಎಸೆದುಬಿಡುತ್ತೇವೆ.

ಮಕ್ಕಳಿಗಾಗಿ ನಾರ್ನಿಯಾ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ದೇವರ ಬಗ್ಗೆ ಇಂಥದೇ ಭಾವನೆ ಇರಬೇಕು ಎಂದು ಚಿಕ್ಕಂದಿನಲ್ಲಿ ಹೇಳಿಸಿಕೊಂಡದ್ದರಿಂದಲೇ ಆ ಭಾವನೆ ಹೆಪ್ಪುಗಟ್ಟಿತು ಎಂದು ಆತ ಬರೆದುಕೊಂಡಿದ್ದಾನೆ. 1950ರಿಂದ 1956ರವರೆಗೆ ಬಂದ ನಾರ್ನಿಯಾದ ಏಳು ಪುಸ್ತಕಗಳೂ ಉಪದೇಶದಿಂದ ಹುಟ್ಟಿದವಲ್ಲ. ಹಿಮ ಬಿದ್ದ ಕಾಡಿನಲ್ಲಿ ಛತ್ರಿ ಹಿಡಿದು ಹೊರಟ, ಅರ್ಧ ಮನುಷ್ಯ ಅರ್ಧ ಮೇಕೆಯ ಒಂದು ಜೀವಿಯ ಚಿತ್ರ ಹದಿನಾರನೇ ವಯಸ್ಸಿನಿಂದ ಅವನ ತಲೆಯಲ್ಲಿತ್ತು. ಅಸ್ಲಾನ್ ಎಂಬ ಸಿಂಹ ನುಗ್ಗಿ ಬಂದದ್ದು ಆಮೇಲೆ. ಆ ಸಿಂಹ ತಪ್ಪು ಮಾಡಿದ ಹುಡುಗನ ಬದಲು ತಾನು ಸಾಯುತ್ತದೆ, ಮತ್ತೆ ಏಳುತ್ತದೆ. ಯೇಸುವಿನ ಹೆಸರು ಮಾತ್ರ ಎಲ್ಲಿಯೂ ಇಲ್ಲ.

1955ರಲ್ಲಿ ಅಮೆರಿಕದ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಭಯ ಹತ್ತಿತು: ನಾನು ಯೇಸುವಿಗಿಂತ ಅಸ್ಲಾನನನ್ನೇ ಹೆಚ್ಚು ಪ್ರೀತಿಸುತ್ತಿದ್ದೇನಲ್ಲ, ಇದು ಪಾಪವೇ? ತಾಯಿ ಪತ್ರ ಬರೆದರು. ಲೂಯಿಸ್ ಉತ್ತರಿಸಿದ: ಅಸ್ಲಾನನ ಯಾವ ಮಾತು, ಯಾವ ಕೆಲಸ ಹುಡುಗನಿಗೆ ಇಷ್ಟವೋ ಅವೆಲ್ಲ ಯೇಸು ಆಡಿದ, ಮಾಡಿದ ಸಂಗತಿಗಳೇ, ಆದ್ದರಿಂದ ಅವನು ಪ್ರೀತಿಸುತ್ತಿರುವುದು ಯೇಸುವನ್ನೇ. ಮಕ್ಕಳ ಪುಸ್ತಕ ಮತ್ತು ವಿಶ್ವಾಸದ ಬಗ್ಗೆ ನಾನು ಓದಿದ ಭಾಷಣಗಳನ್ನೆಲ್ಲ ಒಟ್ಟು ಹಾಕಿದರೂ ಆ ಒಂದು ಪತ್ರಕ್ಕೆ ಸಮ ಬರಲಾರದು.

ಆಸ್ಕರ್ ವೈಲ್ಡ್‌ನನ್ನು ಯಾರೂ ಸಂಡೇ ಸ್ಕೂಲಿಗೆ ಕರೆಯುವುದಿಲ್ಲ. ಆದರೆ 1888ರಲ್ಲಿ ಅವನು ಪ್ರಕಟಿಸಿದ ಸ್ವಾರ್ಥಿ ರಾಕ್ಷಸನ ಕಥೆಯನ್ನು ಶುಭ ಶುಕ್ರವಾರದ ವಾರ ನಾನು ತಪ್ಪದೆ ಓದುತ್ತೇನೆ. ತೋಟಕ್ಕೆ ಗೋಡೆ ಕಟ್ಟಿ ಮಕ್ಕಳನ್ನು ಓಡಿಸಿದವನು, ಮರ ಹತ್ತಲಾರದೆ ಅಳುತ್ತಿದ್ದ ಪುಟ್ಟ ಹುಡುಗನನ್ನು ಕಂಡು ಕರಗಿ, ಅವನನ್ನು ಎತ್ತಿ ಕೂರಿಸುತ್ತಾನೆ. ಎಷ್ಟೋ ವರ್ಷದ ಮೇಲೆ ಅದೇ ಹುಡುಗ ಬರುತ್ತಾನೆ, ಅಂಗೈಗಳಲ್ಲಿ, ಪಾದಗಳಲ್ಲಿ ಮೊಳೆಯ ಗಾಯ. ಇಲ್ಲಿಗೆ ಬಂದಾಗ ಚಾಪೆಯ ಮೇಲೆ ಸದ್ದಿರುವುದಿಲ್ಲ. ಯಾರೆಂದು ನಾನು ಹೇಳುವುದಿಲ್ಲ, ಅವರಿಗೆ ಗೊತ್ತಾಗಿರುತ್ತದೆ.

ನಾವು ಮರೆತಿರುವ ಇನ್ನೊಂದು ಸಂಗತಿಯೆಂದರೆ, ಸಂಡೇ ಸ್ಕೂಲು ಹುಟ್ಟಿದ್ದೇ ಓದು ಕಲಿಸಲು. ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗೆ ಸಿಗುತ್ತಿದ್ದ ಒಂದೇ ಬಿಡುವಿನಲ್ಲಿ ಅಕ್ಷರ ಕಲಿಸಲು ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ಪತ್ರಿಕಾ ಮಾಲೀಕ ರಾಬರ್ಟ್ ರೇಕ್ಸ್ 1780ರಲ್ಲಿ ಅದಕ್ಕೆ ಕೈಹಾಕಿದ. ನಮ್ಮ ಕಡೆಯ ಕಥೆಯೂ ಬೇರೆಯಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಅಚ್ಚುಕೂಟ ತೆರೆದರು. ನಿಘಂಟಿನ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೇ ಹೊಂದಿಸಿ ‘ಕಥಾಮಾಲೆ’ ಬರೆದು 1862ರಲ್ಲಿ ಅಚ್ಚು ಹಾಕಿಸಿದರು. ಈ ನೆಲದಲ್ಲಿ ಕಥೆ ಕಿವಿಯಿಂದ ಒಳಗೆ ಹೋಗುತ್ತದೆ ಎಂಬುದು ಜರ್ಮನಿಯಿಂದ ಬಂದ ಆ ಮನುಷ್ಯನಿಗೆ ಹೊಳೆದಿತ್ತು.

ನಮಗೇ ಅದು ಮರೆತಿದೆ. ಇಂಗ್ಲಿಷ್ ಮೀಡಿಯಮ್ ಮಗುವಿನ ಕೈಗೆ ನುಣುಪು ಕಾಗದದ ಇಂಗ್ಲಿಷ್ ಪುಸ್ತಕ ಕೊಟ್ಟು ಸುಮ್ಮನಾಗುತ್ತೇವೆ. ಅದರ ಯೇಸುವಿಗೆ ಚಿನ್ನದ ಕೂದಲು, ನೀಲಿ ಕಣ್ಣು. ನಜರೇತಿನ ಬಡಗಿಯ ಮನೆಯ ಹುಡುಗ ಹಾಗಿದ್ದಿರಲಾರ! ನೋಹನ ನಾವೆಯ ಚಿತ್ರ ಇನ್ನೂ ವಿಚಿತ್ರ: ಜಿರಾಫೆ ನಗುತ್ತದೆ, ಆನೆ ನಗುತ್ತದೆ, ನೀರಿನಲ್ಲಿ ಮುಳುಗಿದವರ ಸುಳಿವೇ ಇಲ್ಲ. ನರಕದ ಬೆಂಕಿ ತೋರಿಸಿ ಹೆದರಿಸುವ ಪುಸ್ತಕ ಇದಕ್ಕಿಂತ ಕೆಟ್ಟದ್ದು. ಅಂಥದೊಂದನ್ನು ನೋಡಿ ನಾನು ಚಿಕ್ಕಂದಿನಲ್ಲಿ ಎಷ್ಟೋ ರಾತ್ರಿ ಅಜ್ಜಿಯ ಸೆರಗು ಹಿಡಿದೇ ಮಲಗಿದ್ದೆ. ಭಯ ಉಳಿಯಿತು, ದೇವರ ಮೇಲೆ ಪ್ರೀತಿಯೇನೂ ಅದರಿಂದ ಹುಟ್ಟಲಿಲ್ಲ. ಅದು ಹುಟ್ಟಿದ್ದು ಅದೇ ಅಜ್ಜಿ ಹೇಳುತ್ತಿದ್ದ ದಾವೀದನ ಕಥೆಯಿಂದ. ಅವನು ಹಳ್ಳದಲ್ಲಿ ಐದು ಕಲ್ಲು ಆರಿಸುವಾಗ ಅಜ್ಜಿ ಒಂದೊಂದನ್ನೂ ಕೈಯಲ್ಲಿ ತೂಗಿ ತೋರಿಸುತ್ತಿದ್ದಳು.

ಮನೆಯಲ್ಲಿ ಮಕ್ಕಳಿರುವ ತಾಯಿ ತಂದೆಗೆ ನನ್ನದೊಂದು ವಿನಂತಿ. ಪುಸ್ತಕ ಕೊಟ್ಟು ‘ಓದ್ಕೋ’ ಎನ್ನಬೇಡಿ, ನೀವೇ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ. ಇಂಗ್ಲಿಷ್ ಪುಸ್ತಕವಾದರೆ ಓದುತ್ತ ಓದುತ್ತ ನಿಮ್ಮ ಮನೆಯ ಕನ್ನಡದಲ್ಲಿ ಹೇಳಿ. ಮಗು ನಡುವೆ ಪ್ರಶ್ನೆ ಕೇಳಿದರೆ ನಿಲ್ಲಿಸಿ; ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಮುಗಿದ ಮೇಲೆ ಲೈಟು ಆರಿಸಿಬಿಡಿ. ಇದರಿಂದ ಏನು ಕಲಿತೆ ಅಂತ ಮಾತ್ರ ದಯವಿಟ್ಟು ಕೇಳಬೇಡಿ.