ಪರಿಧಿ, ವ್ಯಾಸ ಮತ್ತು ಮರುಕಳಿಸದ ಅಂಕಿಗಳು

ವೃತ್ತದ ಪರಿಧಿಗೂ ಅದರ ವ್ಯಾಸಕ್ಕೂ ಇರುವ ಪ್ರಮಾಣವನ್ನು ಗಣಿತಜ್ಞರು ‘ಪೈ’ ಎಂಬ ಗ್ರೀಕ್ ಅಕ್ಷರದಿಂದ ಸೂಚಿಸುತ್ತಾರೆ. ಬಂಡಿಯ ಗಾಲಿಯಾಗಲಿ, ಬಾವಿಯ ಬಾಯಿಯಾಗಲಿ, ವೃತ್ತ ಕಿರಿದಾಗಲಿ ಹಿರಿದಾಗಲಿ, ಈ ಪ್ರಮಾಣ ಒಂದೇ. ದಶಮಾಂಶದಲ್ಲಿ ಬರೆಯಹೊರಟರೆ 3.1415926535... ಎಂದು ಅಂಕಿಗಳ ಸಾಲು ಕೊನೆಗಾಣದೆ ಬೆಳೆಯುತ್ತದೆ. ಈ ಸಾಲು ಎಂದಾದರೂ ಒಂದೆಡೆ ತಿರುಗಿ, ಹಿಂದೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳತೊಡಗುವುದೇ? ಕೊನೆಯಿಲ್ಲದ ಈ ಸಂಖ್ಯೆಯನ್ನು ಪರವಸ್ತುವಿನ ಅನಂತತೆಗೆ ನಿದರ್ಶನವಾಗಿ ಹಿಡಿಯುವ ಮನಸ್ಸು ಭಕ್ತರಿಗೆ ಸಹಜ. ಆದಕಾರಣ ವಿಷಯದ ನಿಜಸ್ಥಿತಿಯನ್ನು ಮೊದಲು ಅರಿಯುವುದು ಉಚಿತ.

ನಿತ್ಯವ್ಯವಹಾರಕ್ಕೆ ಇಷ್ಟು ಸೂಕ್ಷ್ಮತೆ ಬೇಕಾಗದು. ಮರದ ವ್ಯಾಪಾರವನ್ನು ಬಲ್ಲ ಕುಶಾಲನಗರದಂತಹ ಊರುಗಳಿಗೆ ದುಂಡುಮರವನ್ನು ಅಳೆಯುವ ಹಳೆಯ ಕ್ರಮವೊಂದು ಹೊಸದಲ್ಲ. ದಿಮ್ಮಿಯ ನಡುವಣ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವುದು ಆ ಕ್ರಮ. ಇಲ್ಲಿ ಪೈಯ ಸ್ಥಾನದಲ್ಲಿ 4 ನಿಂತಂತಾಗುತ್ತದೆ. ನಿಜವಾದ ಘನಫಲದ ಶೇಕಡಾ 78.5ರಷ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಉಳಿದುದು ಕೊಯ್ತದ ನಷ್ಟಕ್ಕೆಂದು ಬಿಟ್ಟಂತೆ. ಶಾಲೆಯ ವಿದ್ಯಾರ್ಥಿ ಹಿಡಿಯುವ 22/7 ಇದಕ್ಕಿಂತ ಎಷ್ಟೋ ಸೂಕ್ಷ್ಮ. 7 ಅಡಿ ವ್ಯಾಸಕ್ಕೆ 22 ಅಡಿ ಪರಿಧಿ ಎಂದರೆ ತಪ್ಪುವುದು ಅಂಗುಲದ ಹತ್ತನೆಯ ಒಂದು ಪಾಲಿನಷ್ಟು. ಆದರೆ 22/7 ಪೈಗೆ ಸಮೀಪದ ಸಂಖ್ಯೆಯೇ ಹೊರತು ಪೈ ಅಲ್ಲ.

ಈ ಭೇದವನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಆರ್ಯಭಟನು 499ರಲ್ಲಿ 3.1416ಕ್ಕೆ ಸಮನಾದ ಬೆಲೆಯನ್ನು ಹೇಳಿ, ಅದನ್ನು ‘ಆಸನ್ನ’ವೆಂದು ಕರೆದನು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನನ್ನು ಸ್ತುತಿಸಿದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಸ್ಥೂಲಲೆಕ್ಕಕ್ಕೆ 3ನ್ನೂ ಸೂಕ್ಷ್ಮಲೆಕ್ಕಕ್ಕೆ 10ರ ವರ್ಗಮೂಲವನ್ನೂ ವಿಧಿಸಿದನು. ಬಸವಣ್ಣನವರ ಸಮಕಾಲೀನನಾದ ಭಾಸ್ಕರಾಚಾರ್ಯನು 1150ರ ‘ಲೀಲಾವತಿ’ಯಲ್ಲಿ ಸೂಕ್ಷ್ಮಕ್ಕೆ 3927/1250, ಸ್ಥೂಲಕ್ಕೆ 22/7 ಎಂದನು. ಕೇರಳದ ನೀಲಕಂಠ ಸೋಮಯಾಜಿ ತನ್ನ ಆರ್ಯಭಟೀಯ ಭಾಷ್ಯದಲ್ಲಿ ಇನ್ನೂ ಮುಂದೆ ಹೋಗಿ, ವ್ಯಾಸವು ಯಾವ ಮಾನದಿಂದ ಶೇಷವಿಲ್ಲದೆ ಅಳೆಯಲ್ಪಡುವುದೋ ಅದೇ ಮಾನದಿಂದ ಪರಿಧಿಯನ್ನು ಅಳೆದರೆ ಶೇಷ ಉಳಿದೇ ಉಳಿಯುವುದೆಂಬ ಅಭಿಪ್ರಾಯವನ್ನು ಸ್ಪಷ್ಟಪಡಿಸಿದನು. ಮಾನವನ್ನು ಕಿರಿದುಗೊಳಿಸಿದಷ್ಟೂ ಶೇಷ ಕಿರಿದಾಗುವುದು, ಇಲ್ಲದಾಗದು.

ಶೇಷಕ್ಕೂ ಅಂಕಿಗಳ ಮರುಕಳಿಕೆಗೂ ಏನು ಸಂಬಂಧ? 1ನ್ನು 7ರಿಂದ ಭಾಗಿಸಿ ನೋಡಬಹುದು. ಪ್ರತಿ ಹಂತದಲ್ಲಿ ಉಳಿಯಬಲ್ಲ ಶೇಷಗಳು 1ರಿಂದ 6ರವರೆಗೆ ಆರು ಮಾತ್ರ. ಆರು ಹಂತ ಕಳೆಯುವುದರೊಳಗೆ ಹಳೆಯ ಶೇಷವೇ ಮರಳಿ ಬರಬೇಕು. ಅದು ಬಂದೊಡನೆ ಹಳೆಯ ಅಂಕಿಗಳೂ ಅದೇ ಕ್ರಮದಲ್ಲಿ ಬರಬೇಕು. ಆದುದರಿಂದಲೇ 0.142857 142857... ಎಂದು ಆರು ಅಂಕಿಗಳ ಆವರ್ತ. ಯಾವ ಭಿನ್ನರಾಶಿಗೂ ಇದೇ ಗತಿ: ಅದರ ದಶಮಾಂಶ ಒಂದೋ ಮುಗಿಯುತ್ತದೆ, ಇಲ್ಲವೇ ಆವರ್ತಿಸುತ್ತದೆ. ಆವರ್ತಿಸುವ ದಶಮಾಂಶವೂ ಹಾಗೆಯೇ ಭಿನ್ನರಾಶಿಯೇ. ಮೇಲಿನ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ ಮೂಲವನ್ನು ಕಳೆದರೆ ಬಾಲವೆಲ್ಲ ಕಳಚಿ 142857 ಉಳಿಯುತ್ತದೆ; ಅದನ್ನು 999999ರಿಂದ ಭಾಗಿಸಿದರೆ 1/7 ಮರಳಿ ದೊರೆಯುತ್ತದೆ. ಹೀಗೆ ‘ಪೈ ಆವರ್ತಿಸುವುದೇ’ ಎಂಬ ಪ್ರಶ್ನೆಯೂ ‘ಪೈ ಭಿನ್ನರಾಶಿಯೇ’ ಎಂಬ ಪ್ರಶ್ನೆಯೂ ಒಂದೇ.

ಉತ್ತರವನ್ನು ಸಿದ್ಧಪಡಿಸಿದವನು ಯೋಹಾನ್ ಲ್ಯಾಂಬರ್ಟ್ ಎಂಬ ಗಣಿತಜ್ಞ, ಕಾಲ 1761. ತ್ರಿಕೋಣಮಿತಿಯ ಸ್ಪರ್ಶಕ ಎಂಬ ಪ್ರಮಾಣವನ್ನು ಅವನು ಪರಿಶೀಲಿಸಿದನು. ಕೋನವನ್ನು ಚಾಪದ ಉದ್ದದಿಂದ, ತ್ರಿಜ್ಯವನ್ನೇ ಮಾನವಾಗಿಟ್ಟುಕೊಂಡು ಅಳೆದಾಗ, ಆ ಅಳತೆ ಶೂನ್ಯವಲ್ಲದ ಭಿನ್ನರಾಶಿಯೋ ಪೂರ್ಣಾಂಕವೋ ಆಗಿದ್ದರೆ ಅದರ ಸ್ಪರ್ಶಕ ಎಂದಿಗೂ ಅಂತಹ ಸಂಖ್ಯೆಯಾಗದೆಂದು ತೋರಿಸಿದನು. 45 ಅಂಶದ ಕೋನದ ಅಳತೆ ಪೈಯ ಕಾಲುಭಾಗ. ಅದರ ಸ್ಪರ್ಶಕವಾದರೋ 1. ಅಂದಮೇಲೆ ಪೈಯ ಕಾಲುಭಾಗ ಭಿನ್ನರಾಶಿಯಲ್ಲ, ಪೈಯೂ ಅಲ್ಲ. ಅದರ ಅಂಕಿಗಳು ಎಷ್ಟು ದೂರ ಸಾಗಿದರೂ ಆವರ್ತಕ್ಕೆ ಸಿಲುಕುವುದಿಲ್ಲ.

ಇದು ಎಣಿಕೆಯಿಂದ ತಿಳಿದುದಲ್ಲ, ವಿಚಾರದಿಂದ ತಿಳಿದುದು ಎಂಬುದನ್ನು ಗಮನಿಸಬೇಕು. 1981ರ ಜುಲೈ 5ರಂದು ಮಂಗಳೂರಿನಲ್ಲಿ ರಾಜನ್ ಮಹದೇವನ್ ಪೈಯ 31,811 ಅಂಕಿಗಳನ್ನು ಕಂಠಪಾಠವಾಗಿ ಒಪ್ಪಿಸಿ ವಿಶ್ವದಾಖಲೆ ಸ್ಥಾಪಿಸಿದರು. 2024ರಲ್ಲಿ ಗಣಕಯಂತ್ರಗಳು 202 ಲಕ್ಷ ಕೋಟಿ ಅಂಕಿಗಳನ್ನು ಲೆಕ್ಕಹಾಕಿದವು. ಇವು ಅಸಾಧಾರಣ ಸಾಧನೆಗಳೇ ನಿಜ. ಆದರೆ ಇದರಾಚೆ ಆವರ್ತ ಆರಂಭವಾಗದೆಂದು ಯಾವ ಎಣಿಕೆಯೂ ಹೇಳಲಾರದು. ಲ್ಯಾಂಬರ್ಟನ ಸಾಧನೆ ಅದನ್ನು ಹೇಳುತ್ತದೆ.

ಆವರ್ತವಿಲ್ಲವೆಂದರೆ ಕ್ರಮವೇ ಇಲ್ಲವೆಂದು ಭಾವಿಸಲಾಗದು. 762ನೆಯ ದಶಮಾಂಶ ಸ್ಥಾನದಿಂದ ಆರು 9ಗಳು ಒಂದರ ಹಿಂದೊಂದು ಬರುತ್ತವೆ. ಅದು ಆಕಸ್ಮಿಕ, ಆವರ್ತವಲ್ಲ. ಇನ್ನೊಂದೆಡೆ, 1ರಿಂದ 1/3ನ್ನು ಕಳೆದು, 1/5ನ್ನು ಕೂಡಿಸಿ, 1/7ನ್ನು ಕಳೆಯುತ್ತ ಕೊನೆಯಿಲ್ಲದೆ ಸಾಗಿದರೆ ಪೈಯ ಕಾಲುಭಾಗ ದೊರೆಯುವುದೆಂದು ಕೇರಳದ ಮಾಧವನ ಪರಂಪರೆ ಕಂಡುಕೊಂಡಿತ್ತು. ಅಂಕಿಗಳಲ್ಲಿ ಕಾಣದ ನಿಯಮ ಶ್ರೇಢಿಯಲ್ಲಿ ನಿಚ್ಚಳವಾಗಿದೆ. ಹತ್ತು ಅಂಕಿಗಳೂ ಪೈಯಲ್ಲಿ ಸಮಪ್ರಮಾಣದಲ್ಲಿ ಬರುವುವೇ ಎಂಬುದು ಮಾತ್ರ ಇಂದಿಗೂ ಯಾರೂ ಸಾಧಿಸದ ಪ್ರಶ್ನೆ.

ಇನ್ನು ನಿದರ್ಶನದ ಮಾತು. ಪೈಯ ಬರವಣಿಗೆಗೆ ಕೊನೆಯಿಲ್ಲ. ಪೈ ಮಾತ್ರ ಅನಂತವಲ್ಲ. ಅದು 3ಕ್ಕಿಂತ ಹೆಚ್ಚು, 4ಕ್ಕಿಂತ ಕಡಿಮೆ; ಕೂದಲೆಳೆಯಷ್ಟೂ ಅತ್ತಿತ್ತ ಜರುಗದ ನಿಶ್ಚಿತ ಪ್ರಮಾಣ. ಬರೆದು ಮುಗಿಸಲಾಗದ್ದು ಬೇರೆ, ಅಳತೆಗೇ ಒಳಪಡದ್ದು ಬೇರೆ. ಶರಣರು ಲಿಂಗವನ್ನು ಅಪ್ರಮಾಣವೆಂದು ಕರೆದದ್ದು ಎರಡನೆಯ ಅರ್ಥದಲ್ಲಿ. ಉಪಮಾನವನ್ನು ಪ್ರಮಾಣವೆಂದು ಬಗೆದು, ಪೈಯಿಂದ ಪರಶಿವನನ್ನು ಸಾಧಿಸಹೊರಟರೆ ಗಣಿತಕ್ಕೂ ನ್ಯಾಯವಾಗದು, ವಚನಕ್ಕೂ ನ್ಯಾಯವಾಗದು. ಬಿಜ್ಜಳನ ಭಂಡಾರವನ್ನು ನಿರ್ವಹಿಸಿದ ಬಸವಣ್ಣನವರಿಗೆ ಲೆಕ್ಕದ ಲೋಕ ಅಪರಿಚಿತವಾಗಿರಲಿಲ್ಲ. ಲೆಕ್ಕಕ್ಕೆ ಬರುವುದನ್ನು ಶೇಷ ಮುಚ್ಚಿಡದೆ ಲೆಕ್ಕಿಸುವುದು ಕಾಯಕದ ಸತ್ಯಶುದ್ಧಿ. ಲೆಕ್ಕಕ್ಕೆ ಬಾರದುದಕ್ಕೆ ಲೆಕ್ಕದ ಸಾಕ್ಷಿ ಬೇಡದಿರುವುದು ಭಕ್ತಿಯ ವಿವೇಕ.