ಮೂರು ನಿಮಿಷದ ಆಟದಲ್ಲಿ ಗ್ಯಾಂಬಿಟ್

ಚದುರಂಗದ ಆರಂಭದಲ್ಲೇ ಒಂದು ಪದಾತಿಯನ್ನು, ಕೆಲವೊಮ್ಮೆ ಕುದುರೆಯನ್ನೂ, ಬೇಕೆಂದೇ ಬಿಟ್ಟುಕೊಟ್ಟು ದಾಳಿಗೆ ದಾರಿ ಮಾಡಿಕೊಳ್ಳುವುದಕ್ಕೆ ಗ್ಯಾಂಬಿಟ್ ಎನ್ನುತ್ತಾರೆ. ಇದು ಈಚಿನ ಶತಮಾನಗಳ ಯುದ್ಧನೀತಿ; ಆಟ ಮಾತ್ರ ಬಹಳ ಹಳೆಯದು. ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚತುರಂಗದ ವಿವರಣೆ ಇದೆ. ಹಳೆಯ ಚತುರಂಗದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ಸರಿಯುತ್ತಿದ್ದುದರಿಂದ ಮಿಂಚಿನ ದಾಳಿಗೆ ಆಸ್ಪದ ಕಡಿಮೆ. 15ನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ಮಂತ್ರಿ, ಒಂಟೆಗಳಿಗೆ ದೂರ ಸಾಗುವ ಬಲ ಬಂದ ಮೇಲೆ ಆಟದ ಗತಿಯೇ ಬದಲಾಯಿತು. ಇಂದು ಬಸವಕಲ್ಯಾಣ, ಹುಮನಾಬಾದಗಳಲ್ಲಿ ಮೊಬೈಲಿನ ಲಿಚೆಸ್, ಚೆಸ್ ಡಾಟ್ ಕಾಮ್ ತೆರೆದವರ ಮುಂದಿರುವುದು ಈ ಬದಲಾದ ಆಟ.

ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ ನಿಯಮದಂತೆ, ಒಬ್ಬರಿಗೆ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಿಗುವ ಆಟ ಬ್ಲಿಟ್ಜ್. ಆನ್‌ಲೈನಿನಲ್ಲಿ ಮೂರು ನಿಮಿಷದ ಆಟ ಬಹಳ ಬಳಕೆಯಲ್ಲಿದೆ.

ಎಂಗ್ಲುಂಡ್ ಗ್ಯಾಂಬಿಟ್ ಅಲ್ಲಿನ ಅಪಾಯಕಾರಿ ತಂತ್ರಗಳಲ್ಲೊಂದು. ಬಿಳಿಯವನು ಪದಾತಿಯನ್ನು ಡಿ4ಕ್ಕೆ ನಡೆಸಿದೊಡನೆ ಕಪ್ಪಿನವನು ಇ5ರಲ್ಲಿ ತನ್ನ ಪದಾತಿಯನ್ನು ಒಡ್ಡುತ್ತಾನೆ. ಬಿಳಿ ಅದನ್ನು ಹೊಡೆಯುತ್ತದೆ. ಎರಡೂ ಕಡೆಯ ಒಂದೊಂದು ಕುದುರೆ ಹೊರಬರುತ್ತದೆ, ಕಪ್ಪು ಮಂತ್ರಿ ಇ7ಕ್ಕೆ ಬರುತ್ತದೆ. ಪದಾತಿಯನ್ನು ಉಳಿಸಿಕೊಳ್ಳಲು ಬಿಳಿ ಒಂಟೆ ಎಫ್4ಕ್ಕೆ ಬಂದರೆ, ಮಂತ್ರಿ ಬಿ4ರಿಂದ ಶಹ ಕೊಡುತ್ತದೆ. ಒಂಟೆ ಡಿ2ಕ್ಕೆ ಹಿಂದಿರುಗಿ ಅಡ್ಡ ನಿಲ್ಲುತ್ತದೆ, ಮಂತ್ರಿ ಬಿ2ರ ಪದಾತಿಯನ್ನು ನುಂಗುತ್ತದೆ. ಇಲ್ಲಿ ಬಿಳಿಯವನ ಕೈ ತಾನಾಗಿ ಒಂಟೆಯನ್ನು ಸಿ3ಕ್ಕೆ ಇಡಲು ಹೋಗುತ್ತದೆ. ಮಂತ್ರಿ ಸಿಕ್ಕಿಬಿತ್ತೆಂದೇ ಅವನ ಎಣಿಕೆ. ಆದರೆ ಕಪ್ಪು ಒಂಟೆ ಬಿ4ಕ್ಕೆ ನುಗ್ಗುತ್ತದೆ. ಬಿಳಿ ಮಂತ್ರಿ ರಕ್ಷಣೆಗೆ ಡಿ2ಕ್ಕೆ ಬಂದು, ಒಂಟೆಗಳು ಹೊಡೆದಾಡಿದ ಮೇಲೆ ತಾನೇ ಸಿ3ರಲ್ಲಿ ಹೊಡೆದರೆ, ಕಪ್ಪು ಮಂತ್ರಿ ಸಿ1ರಲ್ಲಿ ಇಳಿದು ಎಂಟನೆಯ ನಡೆಯಲ್ಲೇ ಮಾತ್. ಕುದುರೆಯಿಂದ ಹೊಡೆದರೆ ಮೂಲೆಯ ಆನೆ ಹೋಗುತ್ತದೆ.

ಇದಕ್ಕೆ ಮದ್ದು ಸರಳ: ಸಿ3ಕ್ಕೆ ಒಂಟೆಯ ಬದಲು ಕುದುರೆ. ಆಗ ಬಿಳಿಯದೇ ಮೇಲುಗೈ. ಕಪ್ಪಿನವನೇ ಹೂಡುವ ಇನ್ನೊಂದು ತಂತ್ರವಾದ ಸ್ಟಾಫರ್ಡ್ ಗ್ಯಾಂಬಿಟ್ಟಿನಲ್ಲೂ ಹೀಗೆಯೇ. ಇ5ಕ್ಕೆ ಪದಾತಿಯನ್ನು ತಳ್ಳುವ ಆಸೆ ಬಿಟ್ಟು ಬಿಳಿಯವನು ಡಿ3 ನಡೆದರೆ ಅವನದೇ ಮೇಲುಗೈ. ತಾಸುಗಟ್ಟಲೆ ಯೋಚಿಸುವ ಪಂದ್ಯಗಳಲ್ಲಿ ಇವೆರಡೂ ಅಪರೂಪವಾಗಿರುವುದಕ್ಕೆ ಇದೇ ಕಾರಣ.

ಮೂರು ನಿಮಿಷದಲ್ಲಿ ಲೆಕ್ಕ ಬೇರೆ. ಗ್ಯಾಂಬಿಟ್ ಹೂಡಿದವನಿಗೆ ನಡೆಗಳು ಬಾಯಿಪಾಠ, ನಡೆಗೊಂದು ಸೆಕೆಂಡೂ ಬೇಡ. ಎದುರಾಳಿ ಸರಿಯಾದ ಉತ್ತರವನ್ನೇ ಕಂಡುಕೊಂಡರೂ ಅದಕ್ಕಾಗಿ ಅರ್ಧ ನಿಮಿಷ ಕಳೆದಿರುತ್ತಾನೆ. ಕೊಟ್ಟದ್ದು ಪದಾತಿ, ಪಡೆದದ್ದು ಗಡಿಯಾರದ ಸಮಯ. ಎದುರಿನವನ ನಡೆಗೆ ಕಾಯದೆ ತಮ್ಮ ನಡೆಯನ್ನು ಮೊದಲೇ ಒತ್ತಿಡುವ ಅಭ್ಯಾಸದವರು ಇಂಥ ಬಲೆಗೆ ಇನ್ನೂ ಬೇಗ ಬೀಳುತ್ತಾರೆ. ಪ್ರತಿ ನಡೆಗೂ ಎರಡು ಸೆಕೆಂಡು ಸೇರುವ ಆಟದಲ್ಲಿ ಮಾತ್ರ ಈ ಲಾಭ ಕರಗುತ್ತದೆ. ಕೊನೆಗೆ ಉಳಿಯುವುದು ಪದಾತಿಯ ಕೊರತೆ.

ಬ್ಲಿಟ್ಜ್‌ನಲ್ಲಿ ಎಂಗ್ಲುಂಡ್ ಆಡಬಯಸುವವರು ಬಲೆಗಿಂತ ಮೊದಲು, ಕುದುರೆ ಸಿ3ಕ್ಕೆ ಬಂದ ಮೇಲಿನ ಸ್ಥಿತಿಯನ್ನು ಅಭ್ಯಾಸ ಮಾಡಬೇಕು. ಬಲ್ಲ ಎದುರಾಳಿ ಸಿಕ್ಕಾಗ ಉಳಿದ ಆಟವನ್ನೆಲ್ಲ ಅಲ್ಲಿಂದಲೇ ಆಡಬೇಕಾಗುತ್ತದೆ.